ಐದನೇ ಸ್ಪ್ರಿಂಗು

ಹುಮನಾಬಾದ ಬೇಸ್ ದಾಟಿ ಗಂಜಿನ ಕಡೆ ಹೊಳ್ಳುವಾಗ
ಮತ್ತ ಅದೇ.
ಒತ್ತಿದ ಲಿವರ್ ಒತ್ತಿದಲ್ಲೇ ಕುಂತಿತು,
ಬೈಸಿಕೊಂಡ ಹುಡುಗನ ಗದ್ದದಂಗ ತೆಳಗ.
ಸಪ್ಪಳಿಲ್ಲ, ಹೊಗಿ ಇಲ್ಲ, ಎಣ್ಣಿ ಸೋರಿಲ್ಲ,
ಯೆಜ್ಡಿ ಓಡ್ಲತ್ತದ ಖರೆ.
ಒಳಗ ಯಾರೋ ಕೈ ಬಿಟ್ಟಾರ ಅನ್ನೂದು
ಕಾಲಿಗಷ್ಟೇ ಗೊತ್ತು.

ಬೂಟಿನ ತುದಿ ಲಿವರಿನ ತೆಳಗ ತೂರಿಸಿ
ನಡುಮಟ್ಟಕ್ಕ ಎತ್ತಿ ತಂದು
ಮತ್ತ ಒತ್ತಿ, ಮತ್ತ ಎತ್ತಿ
ಹಂಗೇ ಬಂದೆ.
ಟ್ಯಾಂಕಿನ ಮ್ಯಾಲಿನ ಚೀಲದಾಗ ತೊಗರಿ ಸ್ಯಾಂಪಲ್ಲು,
ಹನ್ನೊಂದು ಅರಿವಿ ಗಂಟು,
ಹನ್ನೊಂದು ಅಡತಿಯವರ ಹೆಸರು.
ಹತ್ತೂವರಿಗೆ ಸವಾಲು, ಹತ್ತು ಐವತ್ತಕ್ಕ ನಾನು.
ಬ್ಯಾಳಿ ಮಿಲ್ಲಿನ ಶೇಟ್ ಗಡಿಯಾರ ನೋಡಲಿಲ್ಲ,
ನನ್ನ ಎಡಬೂಟು ನೋಡಿದ.
ತುದಿ ಹರಿದು ಹೆಬ್ಬೆರಳು ಕಾಣ್ತಿತ್ತು.

ದಸ್ತಗೀರ ಮಿಸ್ತ್ರಿಗೆ ಹೇಳೂದೇ ಬ್ಯಾಡ.
ಸ್ಟ್ಯಾಂಡ್ ಹಾಕೂಕಿಂತ ಮೊದಲೇ
ಡಾಲ್ಡಾ ಡಬ್ಬಿ ತಂದು ಫರಸಿ ಮ್ಯಾಲ ಇಟ್ಟ.
ಎಣ್ಣಿ ಇಳಿಯೂ ತನಕ ಚಹಾ.
ಕವರ್ ಬಿಚ್ಚಿ, ಕ್ಲಚ್ಚಿನ ಬುಟ್ಟಿ ಎತ್ತಿ,
ಎರಡು ಬೆರಳಿಲೆ ತೆಗೆದು ನನ್ನ ಅಂಗೈಯಾಗ ಇಟ್ಟ:
ಬಾಗಿದ ಜಾಗದಾಗೇ ಮುರಿದದ್ದು,
ಉಗುರು ತೆಗೆದಷ್ಟು ಸಪಾಟ.

ಅವನ ಗೋಡಿಗೆ ಮೊಳಿ,
ಮೊಳಿಗೆ ನನ್ನವೇ ಹಳೇ ಸ್ಪ್ರಿಂಗು,
ಅವುಗಳ ಕೊಕ್ಕಿಗೆ ಊರ ಮಂದಿಯ ಉದ್ರಿ ಚೀಟಿ.
ಮೊದಲನೇದು ಅಪ್ಪನ ಕಾಲದ್ದು, ಇಪ್ಪತ್ತೆರಡು ವರ್ಷ ಬಾಳಿದ್ದು.
ಎರಡನೇದು ಹೈದರಾಬಾದಿಂದು, ಒಂಬತ್ತು ತಿಂಗಳು.
ಮೂರನೇದು ಸೋಲಾಪುರದ್ದು,
ಡಬ್ಬಿ ಮ್ಯಾಲ ಅಸಲಿ ಅಂತ ಎರಡು ಸಲ ಬರೆದಿತ್ತು. ಆರು.
"ಮಾಲೇ ಖೋಟಾ ಬರ್ಲತ್ತದ" ಅಂದೆ.
ಅವ ಹೂಂ ಅನ್ನಲಿಲ್ಲ.
ಐದನೇದು ಕೂಡಿಸಿ, ಕೈ ಒರೆಸಿಕೊಂಡು,
"ನಡಿ, ನಾ ಹಿಂದ ಕೂಡ್ತೀನಿ."

ಸೇಡಂ ರೋಡಿಗೆ ಹೋಗಿ ವಾಪಸ್.
ಬಿಸಿಲು ನಲವತ್ಮೂರು.
ಅರವತ್ತೆಂಟರ ಮುದುಕ ನನ್ನ ಸೊಂಟ ಹಿಡಿದು
ಒಂದೇ ಸವನೆ ಬಗ್ಗಿ ನನ್ನ ಎಡಗಾಲು ನೋಡ್ತಾನ.
ಆಟೋದವ ಒಬ್ಬ ಹಾರ್ನ್ ಹೊಡೆದು ನಕ್ಕ.

ಇಳಿದ ಮ್ಯಾಲ ಅಂದ:
"ಗೇರ್ ಬಿದ್ದ ಮ್ಯಾಲೂ ನಿನ್ನ ಕಾಲು ಅಲ್ಲೇ ಯಾಕ?
ನಿಮ್ಮಪ್ಪ ಒತ್ತಿ ಬಿಡ್ತಿದ್ದ.
ನೀ ಒತ್ತಿ ಕಾವಲು ಕೂಡ್ತಿ.
ವಾಪಸ್ ಬರೂದೇ ಅದರ ಕೆಲಸ,
ನೀ ಬರಗೊಡಂಗಿಲ್ಲ.
ಮುರೀದೆ ಏನ್ ಮಾಡ್ಬೇಕು ಅದು?"

ನನಗ ಗೊತ್ತೇ ಇರಲಿಲ್ಲ.
ರಾತ್ರಿ ಬಾಗಿಲಿಗೆ ಕೀಲಿ ಹಾಕಿ
ಮೂರು ಸಲ ಜಗ್ಗಿ ನೋಡಿದೆ.
ಮಗಳು ಭಾಗಾಕಾರ ಮಾಡ್ಲತ್ತಿದ್ದಳು.
ಪ್ರತಿ ಅಂಕಿಗೂ ಬೆರಳು ಇಟ್ಟುಕೊಂಡು ಕುಂತಿದ್ದೆ.
ಅಕಿ ಪೆನ್ಸಿಲ್ಲಿನ ಮೊನಿ ಮುರಿದಾಗ
ಬೆರಳು ಹಿಂದ ತಗೊಂಡೆ.

ಇಲ್ಲಿಗೇ ಮುಗಿದಿದ್ರ ಮಿಸ್ತ್ರಿ ಗೆದ್ದಂಗ.
ಮೂರನೇ ದಿನಕ್ಕ ಅವನೇ ಫೋನ್ ಮಾಡಿದ.
"ನಿದ್ದಿ ಬರಲಿಲ್ಲೋ, ಗಾಡಿ ತಂದು ನಿಲ್ಲಿಸು."
ಮತ್ತ ಡಾಲ್ಡಾ ಡಬ್ಬಿ, ಮತ್ತ ಚಹಾ.
ಬ್ಯಾಟರಿ ಹಿಡಿದು ಒಳಗ ಇಣುಕಿದ, ಭಾಳ ಹೊತ್ತು.
ಸ್ಪ್ರಿಂಗು ಆತುಕೊಳ್ಳೂ ಗೂಟ
ಅರ್ಧ ಬ್ಯಾಳಿಯಷ್ಟು ಸವೆದು
ಒಂದು ಮಗ್ಗಲು ಬ್ಲೇಡಿನಂಗ ಆಗಿತ್ತು.
"ನಾಲ್ಕು ಸಲ ಬಿಚ್ಚಿದೆ.
ಮುರಿದದ್ದಷ್ಟೇ ನೋಡಿದೆ,
ಮುರಿದವನನ್ನ ನೋಡಲಿಲ್ಲ.
ನಿನ್ನ ಕಾಲಿಂದು ಅರ್ಧ, ನನ್ನ ಕಣ್ಣಿಂದು ಅರ್ಧ."
ಲೇತ್ ಅಂಗಡಿಯಾಗ ಹೊಸ ಗೂಟ ಕಡೆಸಿದ,
ಆ ರೊಕ್ಕ ಅವನೇ ಕೊಟ್ಟ.

ಹದಿನಾಲ್ಕು ತಿಂಗಳಾತು.
ಗೇರ್ ಬಿದ್ದ ಕೂಡಲೇ ಕಾಲು ತೆಗೀತೀನಿ,
ತೆಗೆದ ಕಾಲಿಗೆ ಎಲ್ಲಿರಬೇಕು ತಿಳಿಯಂಗಿಲ್ಲ.
ಲಿವರ್ ತಾನೇ ತನ್ನ ಜಾಗಕ್ಕ ಬರೂದು
ಈಗ ಕಿವಿಗೆ ಕೇಳಸ್ತದ, ಸಣ್ಣಗ, ಟಕ್.

ಆರನೇದು ಸೀಟಿನ ತೆಳಗ ಅದ,
ಎಣ್ಣಿ ಕಾಗದದಾಗ ಸುತ್ತಿ.
ಮಿಸ್ತ್ರಿಗೆ ಹೇಳಿಲ್ಲ.