ಎಡಗಾಲಿನ ಬೂಟು

ತಾರ್ತುವಿನ ಜೀವರಸಾಯನ ಕಟ್ಟಡದ ನೆಲಮಾಳಿಗೆಯಲ್ಲಿ
ಕಿಟಕಿಯಿಲ್ಲದೊಂದು ಕೋಣೆ. ಅದರ ಬೀಗದಕೈ
ಹತ್ತೊಂಬತ್ತು ವರ್ಷದಿಂದ ನನ್ನ ಕೊರಳಲ್ಲಿದೆ.
ಹುಡುಗರು ಬೆನ್ನ ಹಿಂದೆ ಕರೆಯುವುದು ಕಸದ ಹೆಲ್ವೆ ಅಂತ.
ಕರೆಯಲಿ. ಕಸಕ್ಕೂ ಒಬ್ಬಳು ಬೇಕು,
ಹುಟ್ಟಿದ ತಾರೀಖು ಬರೆದಿಡುವವಳು.

ಹೊಸಬರಿಗೆ ಮೊದಲ ದಿನವೇ ಹೇಳುತ್ತೇನೆ:
ಸೂಜಿ ಚೀಲಕ್ಕಲ್ಲ, ಗಟ್ಟಿ ಹಳದಿ ಡಬ್ಬಿಗೆ.
ಒದ್ದೆಯದು ಇಲ್ಲಿಗೆ ಬರಕೂಡದು, ಒಂದು ಹನಿಯೂ.
ತುಂಬಿತೆಂದು ಕಾಲಲ್ಲಿ ತುಳಿಯಬೇಡಿ, ಇದು ಹತ್ತಿಯ ಮೂಟೆಯಲ್ಲ.
ರಂಜಕದೆದುರು ಬರೀ ಸೀಸ ನಿಲ್ಲಿಸಿ ಮೆರೆಯಬೇಡಿ,
ಸೀಸಕ್ಕೆ ಬಡಿದರೆ ಅದು ಬೇರೆಯದೇ ಕಿರಣ ಹೆರುತ್ತದೆ;
ಮೊದಲು ಬೆರಳು ದಪ್ಪದ ಅಕ್ರಿಲಿಕ್ ಹಲಗೆ.
ಇದರ ಸೂತಕ ಹತ್ತು. ಹತ್ತು ದಿನವಲ್ಲ,
ಹತ್ತು ಅರ್ಧಾಯುಷ್ಯ. ನೂರನಲವತ್ಮೂರು ದಿನ.
ಮತ್ತೆ, ಕೇಳಿ ಇಲ್ಲಿ,
ಅಲ್ಪಾಯುಷಿಯನ್ನೂ ದೀರ್ಘಾಯುಷಿಯನ್ನೂ
ಒಂದೇ ಚೀಲಕ್ಕೆ ತುರುಕಬೇಡಿ.
ಇಂಗಾಲದವನು ಅರ್ಧಕ್ಕೆ ಇಳಿಯಲೇ
ಐದು ಸಾವಿರದ ಏಳ್ನೂರು ವರ್ಷ ಬೇಕು.
ನಾಳೆ ಹೊರಡಬೇಕಾದವನೂ ಅವನ ಜೊತೆ
ಬಾಗಿಲಲ್ಲೇ ನಿಂತುಬಿಡುತ್ತಾನೆ.

ನಗುತ್ತಾರೆ.
ಇಲ್ಮಾರ್ ವಾಹ್ತ್ರಿಕ್ ನಗಲಿಲ್ಲ, ಬರೆದುಕೊಂಡ.

ನವೆಂಬರ್ ಮೂರು. ನಾಲ್ಕೂವರೆಗೇ ಕತ್ತಲು.
ಚೀಲ ಹಿಡಿದು ಇಳಿದು ಬಂದ, ಮಗು ಮಲಗಿದ ಮನೆಯಲ್ಲಿ
ನಡೆಯುವವನ ಹಾಗೆ. ಮೂರು ಜೊತೆ ಗವಸು,
ಪಿಪೆಟ್ಟಿನ ತುದಿಗಳು, ಮೇಜಿಗೆ ಹಾಸಿದ್ದ ಕಾಗದ.
ಅಂಗೈ ಒಡ್ಡಿದ, ಮೀಟರು ಸುಮ್ಮನಿತ್ತು.
ಎಡ ಬೂಟಿನ ಅಡಿಯಲ್ಲಿ ಮಾತ್ರ
ಬಾಣಲೆಗೆ ಸಾಸಿವೆ ಬಿದ್ದಂತೆ ಚಟಪಟ.
ಮೂರು ಸಲ ಸೋಪು ಹಾಕಿ ಉಜ್ಜಿದೆವು. ಬಿಡಲಿಲ್ಲ.
'ಇದೂ ಒಳಕ್ಕೇನಾ, ಹೆಲ್ವೆ?'
'ಇದೂ ಒಳಕ್ಕೆ.'
ತಾನೇ ಚೀಟಿ ಬರೆದು ಅಂಟಿಸಿದ. ಬಲ ಬೂಟು ಕಂಕುಳಲ್ಲಿರಿಸಿ,
ನನ್ನ ರಬ್ಬರ್ ಚಪ್ಪಲಿ ಮೆಟ್ಟಿ ಕೆಸರುಹಿಮದಲ್ಲಿ ಹೋದ,
ನಲವತ್ನಾಲ್ಕರ ಪಾದ ಮೂವತ್ತೆಂಟರಲ್ಲಿ.

ಜನವರಿ, ಎಮಾಯೊಗಿ ನದಿ ಹೆಪ್ಪುಗಟ್ಟಿದ ವಾರ, ಇಲ್ಮಾರ್ ತೀರಿಕೊಂಡ.
ಹೃದಯವಂತೆ. ನಲವತ್ತಾಗಿರಲಿಲ್ಲ.
ಅರ್ಧಾಯುಷ್ಯ, ಎಂದರು ಮಣ್ಣಿಗೆ ಬಂದವರು.
ದಿನವೂ ನಾನು ರಿಜಿಸ್ಟರಿನಲ್ಲಿ ಬರೆಯುವ ಪದ.
ಅವತ್ತು ಅದರ ಅರ್ಥ ಕೇಳಬೇಕೆನಿಸಿತು ಯಾರನ್ನಾದರೂ.
ಅಷ್ಟರಲ್ಲಿ ಬೂಟು ಐದು ಸಲ ಅರ್ಧವಾಗಿತ್ತು.
ಇನ್ನೈದು.

ಮಾರ್ಚ್ ಹತ್ತಕ್ಕೆ ಅವನ ಹೆಂಡತಿ ಪಿರೆತ್ ಬಂದಳು.
'ಈ ಚಪ್ಪಲಿ ನಿಮ್ಮದಂತೆ. ಕೊಡಬೇಕು ಅನ್ನುತ್ತಲೇ ಇದ್ದ.'
ಬೂಟು ಕೇಳಿದಳು.
ಇನ್ನೂ ಹದಿನಾರು ದಿನ ಇದೆ, ಎಂದೆ.
ನನ್ನ ನಾಲಿಗೆ ನನಗೇ ಕಬ್ಬಿಣದಂತಿತ್ತು.
ಅವಳು ಕೋಪಿಸಿಕೊಳ್ಳಲಿಲ್ಲ. ಚಪ್ಪಲಿ ಮರಳಿ ಚೀಲಕ್ಕೆ ಹಾಕಿಕೊಂಡು
'ಹಾಗಾದರೆ ಆವತ್ತೇ ತರುತ್ತೇನೆ' ಎಂದಳು.

ಇಪ್ಪತ್ತಾರಕ್ಕೆ ಮೊದಲು ಖಾಲಿ ಗೋಡೆಗೆ ಮೀಟರು ಹಿಡಿದೆ,
ಆಮೇಲೆ ಬೂಟಿಗೆ. ಗೋಡೆ ಎಷ್ಟೋ ಅಷ್ಟೇ.
ಮೂರೆಲೆಯ ಗುರುತನ್ನು ಕಪ್ಪು ಶಾಯಿಯಲ್ಲಿ ಹೊಡೆದುಹಾಕಬೇಕು,
ಇಲ್ಲದಿದ್ದರೆ ಊರ ಕಸದವರು ಬೆಚ್ಚುತ್ತಾರೆ. ಹೊಡೆದುಹಾಕಿದೆ.
ಅದರ ಕೆಳಗೆ ಅವನ ಅಕ್ಷರ:
ರಂಜಕ ೩೨, ನವೆಂಬರ್ ೩, ಇ. ವಾಹ್ತ್ರಿಕ್, ಎಡಗಾಲು.
ಅದನ್ನೂ ಅಳಿಸಿ ಎಂದು ನಿಯಮದಲ್ಲೆಲ್ಲೂ ಇಲ್ಲ.

'ಮುಟ್ಟಬಹುದಾ?' ಎಂದಳು ಪಿರೆತ್.
'ಮುಟ್ಟಬಹುದು.'
ಮೊಣಕೈ ತನಕ ಕೈ ಇಳಿಬಿಟ್ಟಳು ಬೂಟಿನೊಳಕ್ಕೆ,
ಏನೋ ಬಿಟ್ಟುಹೋದದ್ದನ್ನು ತಡಕುವ ಹಾಗೆ.

ರಿಜಿಸ್ಟರಿನ ಕೊನೆಯ ಕಾಲಮಿನಲ್ಲಿ
ಸಾಮಾನ್ಯ ಕಸ ಎಂದು ಬರೆಯುವುದು ವಾಡಿಕೆ.
ಮನೆಗೆ, ಎಂದು ಬರೆದೆ. ತನಿಖೆಯವರು ಕೇಳಿದರೆ ನೋಡೋಣ.

ಅವಳು ಹೋದ ಮೇಲೆ ಚಪ್ಪಲಿ ಮೆಟ್ಟಿ ನೋಡಿದೆ.
ದೊಗಳೆ. ಚಳಿಗಾಲಕ್ಕೆ ಮುಂಚೆ
ಸರಿಯಾಗಿಯೇ ಇತ್ತು ನನ್ನ ಕಾಲಿಗೆ.