ಅಳತೆ ಪುಸ್ತಕ

ಶನಿವಾರ ಸಂಜೆ ರಿಕ್ಷಾದ ಮೇಲೆ ಮೈಕು ಕಟ್ಟಿ
ಕ್ಲಬ್ಬಿನ ಹುಡುಗರು ಮೂರು ಭಾಷೆಯಲ್ಲಿ ಕೂಗಿ ಹೋದರು:
ಬೇಡದ್ದನ್ನೆಲ್ಲ ಹೊರಗೆ ತನ್ನಿ, ಬೇಕಾದವರು ಒಯ್ಯಲಿ,
ಬಂದ ಹಣ ವಾಚನಾಲಯದ ಮಾಡಿಗೆ.

ಬೆಳಗಾದರೆ ಕುಂಬಳೆಯ ಸ್ಟೇಷನ್ ರೋಡಿನಲ್ಲಿ
ಹೊಸ ಇಂಟರ್‌ಲಾಕ್ ಕಲ್ಲಿನ ಮೇಲೆ
ಊರಿನ ಅಟ್ಟಗಳೆಲ್ಲ ಇಳಿದು ಬಂದು ಕೂತಿದ್ದವು.
ಕಾರ್ಮಿನ್ ಬಾಯಿಯ ಬಾಯಿ ಒಡೆದ ಭರಣಿ,
ಕುಞಂಬು ಮನೆಯ ಬೀಡಿ ಕಟ್ಟುವ ಗೆರಸೆ,
ಯಾರದೋ ಗಲ್ಫಿನ ಟೇಪ್ ರೆಕಾರ್ಡರ್:
ಒಮ್ಮೆ ತೆರೆದರೆ ಮುಚ್ಚುವುದಿಲ್ಲ, ಯಜಮಾನನ ಹಾಗೆ.

ನಾನು ತಂದದ್ದು ಮಿಷನ್ನು, ಕತ್ತರಿ, ಇಸ್ತ್ರಿಪೆಟ್ಟಿಗೆ.
ಆ ದಪ್ಪ ಪುಸ್ತಕ ಮಾರಲಿಕ್ಕೆ ಅಲ್ಲ,
ಕಡಲಗಾಳಿಗೆ ಹಾಸಿದ ಸೀರೆ ಏಳಬಾರದೆಂದು
ಮೂಲೆಗೆ ಭಾರ ಇಟ್ಟದ್ದು.

ಮೂವತ್ತೊಂದು ವರ್ಷ ಇವರು ಬರೆದ ಅಳತೆ.
ಎದೆ, ಭುಜ, ತೋಳು, ಕೊರಳು,
ಬದಿಯಲ್ಲಿ ಗುಂಡುಸೂಜಿ ಚುಚ್ಚಿದ ಬಟ್ಟೆಯ ಚೂರು,
ಅದಕ್ಕಿಳಿದ ತುಕ್ಕಿನ ಕಂದು.
ಪೋಸ್ಟ್‌ಮ್ಯಾನ್ ಚನಿಯಪ್ಪ: ಬ್ಯಾಗಿನ ಕಡೆ ಭುಜ ತಗ್ಗು.
ನಾರಾಯಣಿ ಟೀಚರ್: ಕೈ ಮೊಣಗಂಟಿನವರೆಗೆ, ವಾದ ಬೇಡ.
ಸೆವ್ರಿನ್, ಮದುವೆಯ ಸೂಟು: ಉಸಿರು ಬಿಡಿಸಿ ಅಳೆದದ್ದು.
ಯಾರ ಬಗ್ಗೆಯೂ ಬಾಯಿ ಬಿಡದ ಮನುಷ್ಯ
ಹೇಳಲಿಕ್ಕಿದ್ದದ್ದನ್ನೆಲ್ಲ ಇಂಚಿನಲ್ಲಿ ಬರೆದಿಟ್ಟಿದ್ದರು.

ಕಡಲೆಯವನು ಬಂದು ಕೇಳಿದ:
ಅಕ್ಕ, ಈ ರದ್ದಿ ಕೊಡ್ತೀರಾ? ಪೊಟ್ಟಣಕ್ಕೆ ಆಗ್ತದೆ.
ಇಪ್ಪತ್ತು ಹೇಳುವುದೋ ಮೂವತ್ತೋ
ನಾನು ಲೆಕ್ಕ ಹಾಕುತ್ತಿದ್ದಾಗಲೇ
ಮರಿಯುಮ್ಮ ಬಂದು ಕುಕ್ಕರುಗಾಲಲ್ಲಿ ಕೂತಳು.
ಒಣಮೀನಿನ ಬುಟ್ಟಿ ಬದಿಗಿಟ್ಟು,
ತಲೆವಸ್ತ್ರದ ತುದಿಗೆ ಕೈ ಉಜ್ಜಿ,
ನಮ್ಮ ಹಾರಿಸನದ್ದು ಇದರಲ್ಲಿ ಉಂಟಾ, ಎಂದಳು.

ಅವಳಿಗೆ ಕನ್ನಡ ಓದಲು ಬರುವುದಿಲ್ಲ.
ನಾನು ಹುಡುಕಿದೆ. ಕಡಲೆಯವನು ನಿಂತೇ ಇದ್ದ.
ಮಂಗಳೂರು ಲೋಕಲ್ ಬಂತು, ಹೋಯಿತು.
ಒಂದು ಜೂನ್ ತಿಂಗಳಲ್ಲಿ, ನೀಲಿ ಚೂರುಗಳ ನಡುವೆ ಸಿಕ್ಕಿತು:

ಹಾರಿಸ್, ಎಂಟನೇ ಕ್ಲಾಸು.
ಎದೆ ಇಪ್ಪತ್ತೇಳು. ತೋಳು ಎಂಟೂವರೆ.
ಪ್ಯಾಂಟು ಮೂವತ್ತನಾಲ್ಕು.
ಕೆಳಗೆ ಇವರ ಓರೆ ಅಕ್ಷರ:
ಬೆಳೆಯುವ ಹುಡುಗ. ಎರಡಿಂಚು ಒಳಗೆ ಮಡಚಿದೆ.

ಓದಿದೆ. ಇನ್ನೊಮ್ಮೆ ಓದಿಸಿದಳು.
ಆ ವರ್ಷದ ಆಟಿಯಲ್ಲಿ ಹೊಳೆಬದಿ ಎಂತಾಯಿತೆಂದು
ಊರಿಗೆ ಗೊತ್ತುಂಟು.
ಮರಿಯುಮ್ಮ ಎದ್ದು ನಿಂತು
ಅಂಗೈಯನ್ನು ಗಾಳಿಯಲ್ಲಿ ತನ್ನ ಕಿವಿಯ ಮಟ್ಟಕ್ಕೆ ಹಿಡಿದಳು.
ಆಮೇಲೆ ಎರಡು ಬೆರಳಿನಷ್ಟು ಮೇಲೆ ಸರಿಸಿದಳು.

ಪುಟಕ್ಕೆ ಎಷ್ಟು?
ಪುಟದ ರೇಟು ನನಗೆ ಗೊತ್ತಿರಲಿಲ್ಲ.
ಇವರ ಕತ್ತರಿಯಿಂದಲೇ, ಹೊಲಿಗೆಗೆ ಬಿಡುವಷ್ಟು ಅಂಚು ಬಿಟ್ಟು,
ಕತ್ತರಿಸಿ ಕೊಟ್ಟೆ.
ಅವಳು ಒಂದು ಹಿಡಿ ಒಣಸಿಗಡಿ ತೆಗೆದು
ಕಡಲೆಯವನ ಕಾಗದದಲ್ಲೇ ಕಟ್ಟಿ ಇಟ್ಟು ಹೋದಳು.

ಮತ್ತೆ ಕೇಳಬೇಡಿ.
ಚನಿಯಪ್ಪನ ಮಗಳು ಬಂದು ತಗ್ಗಿದ ಭುಜವನ್ನು ಒಯ್ದಳು.
ಸೆವ್ರಿನ್ ತನ್ನ ಇಪ್ಪತ್ತೆಂಟಿಂಚಿನ ಸೊಂಟವನ್ನು
ಹೆಂಡತಿಗೆ ತೋರಿಸಿ ಐವತ್ತು ರೂಪಾಯಿ ಡಬ್ಬಿಗೆ ಹಾಕಿದ.
ನಾರಾಯಣಿ ಟೀಚರ್ ತಮ್ಮದನ್ನು ಓದಿ, ಪೆನ್ನು ಕೇಳಿ,
ಒಂದು ಒತ್ತಕ್ಷರ ತಿದ್ದಿ ವಾಪಸು ಕೊಟ್ಟರು.
ಮಿಷನ್ನನ್ನು ಯಾರೂ ಮುಟ್ಟಲಿಲ್ಲ.
ಇಂಚುಪಟ್ಟಿ ಮಾತ್ರ ಕಾಣೆ; ದುಡ್ಡು ಕೊಡದೆ ಒಯ್ದದ್ದು.

ಪ್ರತಿ ಪುಟವೂ ನನ್ನ ಕೈಯಿಂದಲೇ ಹೋದದ್ದಲ್ಲವಾ,
ಸಂಜೆ ಸೀರೆ ಕೊಡವುವಾಗ ಹೊಳೆಯಿತು:
ಇಡೀ ಊರನ್ನು ಬರೆದವರು ನನ್ನನ್ನು ಬರೆದಿರಲಿಲ್ಲ.
ನಿನ್ನದು ಕಣ್ಣಳತೆ ಸಾಕು, ಎನ್ನುತ್ತಿದ್ದರು.

ಸಾಕಾಗುತ್ತಿರಲಿಲ್ಲ. ರವಿಕೆ ಯಾವತ್ತೂ ಕಂಕುಳಲ್ಲಿ ಬಿಗಿ.
ಅವರು ಮಲಗಿದ ಮೇಲೆ ಚಿಮಣಿ ದೀಪ ತಗ್ಗಿಸಿ
ಹೊಲಿಗೆ ಬಿಚ್ಚಿ, ಅರ್ಧ ಇಂಚು ಸಡಿಲಿಸಿ,
ಕೈಯಲ್ಲೇ ಪುನಃ ಹೊಲಿಯುತ್ತಿದ್ದೆ.

ಸರಿ ಕೂತಿತಲ್ಲ, ಎನ್ನುತ್ತಿದ್ದರು ಬೆಳಿಗ್ಗೆ.
ಕೂತಿತು, ಎನ್ನುತ್ತಿದ್ದೆ.