ಮೂರನೆಯ ಪ್ರಕಟಣೆ

ತಿಲಕ್‌ನಗರದ ನಮ್ಮ ಪುಟ್ಟ ಲೂಥರನ್ ಸಭೆಯಲ್ಲಿ
ಎಡಕ್ಕೆ ಹೆಂಗಸರು, ಬಲಕ್ಕೆ ಗಂಡಸರು.
ಗಂಡಹೆಂಡಿರ ನಡುವೆ
ಒಂದು ಕೆಂಪು ಜಮಖಾನದಷ್ಟು ದೂರ.

ಸುಗುಣಮಣಿ, ಎಸ್ತೇರಮ್ಮ ಮಾತ್ರ
ಇಪ್ಪತ್ತಾರು ವರ್ಷದಿಂದ ಒಂದೇ ಬೆಂಚು,
ಒಂದೇ ಕೀರ್ತನೆ ಪುಸ್ತಕ;
ಹಾಳೆ ತಿರುವಲು ಸರದಿ.
ಮನೆಯೂ ಒಂದೇ. ಅದನ್ನು ಯಾರೂ ಕೇಳಿದ್ದಿಲ್ಲ.

ಇವತ್ತು ಅಯ್ಯನವರು ಮದುವೆಯ ಪಾಠ ಹೇಳಿದರು:
ಒಬ್ಬ ಗಂಡು, ಒಬ್ಬಳು ಹೆಣ್ಣು, ಅಷ್ಟೇ.
ತಡೆದು, ನೀರು ಕುಡಿದು,
ಲೋಟವಿಟ್ಟರು
ಅವರಿಬ್ಬರೂ ಒಗೆದು, ನೀಲಿ ಅದ್ದಿ,
ಇಸ್ತ್ರಿ ಮಾಡಿ ಹಾಸಿದ ಬಟ್ಟೆಯ ಮೇಲೆ.

ಆಮೇಲೆ ಯಾರದೋ ಮದುವೆಯ ಮೂರನೆಯ ಪ್ರಕಟಣೆ.
"ಅಡ್ಡಿಯಿದ್ದವರು ಈಗಲೇ ಹೇಳಿ."

ಗಂಟೆಯ ಹಗ್ಗ ಹಿಡಿದು ಹಿಂದೆ ನಿಂತಿದ್ದೆ.
ಅಡ್ಡಿ ಇತ್ತು ನನಗೆ,
ಓದಿದ ಹೆಸರುಗಳ ಮೇಲಲ್ಲ.

ಬಾಯಿ ಬರಲಿಲ್ಲ.
ಗಂಟೆ ಹೊಡೆದೆ.